ಪ್ರಶ್ನೋತ್ತರ: ಯಾವ ಪಾದಕ್ಕೆ ಯಾವ ಹಾಕಿ ಸ್ಕೇಟ್?

ಪ್ರಶ್ನೆ: ಐಸ್ ಹಾಕಿಯಲ್ಲಿ ಡಿಫೆನ್ಸ್ ಆಡುತ್ತೇನೆ. ಹಳೆಯ ಸ್ಕೇಟ್ ಪೂರ್ತಿ ಮೆತ್ತಗಾಗಿದೆ. ಈ ಸಲ ಮೇಲ್ದರ್ಜೆಯದನ್ನೇ ಕೊಳ್ಳೋಣ ಅಂತಿದ್ದೇನೆ. ಬಾವರ್ ವೇಪರ್, ಬಾವರ್ ಸುಪ್ರೀಮ್, ಸಿಸಿಎಂ ಜೆಟ್‌ಸ್ಪೀಡ್, ಟ್ರೂ, ಈ ನಾಲ್ಕರಲ್ಲಿ ಯಾವುದು ಒಳ್ಳೆಯದು? ನನ್ನ ಪಾದ ಬೆರಳುಗಳ ಹತ್ತಿರ ಅಗಲ, ಹಿಮ್ಮಡಿ ಸಣ್ಣದು. ಕೇಳಿದವರೆಲ್ಲ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ನೀವು ಪಾದದ ವಿವರ ಬರೆದದ್ದು ಬಹಳ ಒಳ್ಳೆಯದಾಯಿತು. ಸಾಮಾನ್ಯವಾಗಿ ಬರುವ ಪತ್ರಗಳಲ್ಲಿ ಬ್ರಾಂಡ್ ಇರುತ್ತದೆ, ಮಾಡೆಲ್ ಇರುತ್ತದೆ, ಪಾದ ಮಾತ್ರ ಇರುವುದಿಲ್ಲ. ನೀವು ಹೆಸರಿಸಿದ ನಾಲ್ಕೂ ಚೆನ್ನಾಗಿ ಮಾಡಿದ ಬೂಟುಗಳೇ. ನಿಮ್ಮ ಕಾಲಿಗೆ ಅವುಗಳಲ್ಲಿ ಒಂದೋ ಎರಡೋ ಮಾತ್ರ ಕೂರುತ್ತವೆ.

ಮೊದಲು ಒಂದು ಹಳೆಯ ಲೆಕ್ಕವನ್ನು ಬಿಟ್ಟುಬಿಡಿ. ವೇಪರ್ ಅಂದರೆ ಕಿರಿದು, ಸುಪ್ರೀಮ್ ಮಧ್ಯಮ, ಬಾವರ್‌ನದೇ ಇನ್ನೊಂದು ಸಾಲಾದ ನೆಕ್ಸಸ್ ಅಗಲ ಅಂತ ಈಗಲೂ ಹೇಳುವವರಿದ್ದಾರೆ. ಒಂದು ಕಾಲದಲ್ಲಿ ಅದು ನಿಜವೇ ಆಗಿತ್ತು. ಆದರೆ ಬಾವರ್ ಆಮೇಲೆ ಫಿಟ್ 1, ಫಿಟ್ 2, ಫಿಟ್ 3 ಅನ್ನುವ ಪದ್ಧತಿ ತಂದಿತು. ಒಂದು ಅಂದರೆ ಬೂಟಿನೊಳಗೆ ಜಾಗ ಕಡಿಮೆ, ಮೂರು ಅಂದರೆ ಜಾಸ್ತಿ. ವೇಪರ್‌ನಲ್ಲೂ ಸುಪ್ರೀಮ್‌ನಲ್ಲೂ ಈ ಮೂರು ಅಳತೆ ಸಿಗುತ್ತವೆ. ಸಿಸಿಎಂ ಕೂಡ ಟೇಪರ್ಡ್, ರೆಗ್ಯುಲರ್, ವೈಡ್ ಅಂತ ಮೂರು ಆಕಾರ ಇಟ್ಟಿದೆ. ಹಾಗಾಗಿ ಮಾಡೆಲ್ ಹೆಸರು ನೋಡಿ ಬೂಟು ಅಗಲವೋ ಕಿರಿದೋ ಅಂತ ಹೇಳುವ ಕಾಲ ಮುಗಿಯಿತು. ಈಗ ಆ ಹೆಸರು ಹೇಳುವುದು ಬೂಟಿನ ಸ್ವಭಾವವನ್ನು. ವೇಪರ್ ತಟ್ಟನೆ ಹೊರಡುವ, ಚುರುಕಾಗಿ ತಿರುಗುವ ಆಟಕ್ಕೆ ಮಾಡಿದ್ದು. ಸುಪ್ರೀಮ್ ಉದ್ದುದ್ದ ಹೆಜ್ಜೆ ಹಾಕಿ ಬಲವಾಗಿ ತಳ್ಳುವವರನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಈ ವ್ಯತ್ಯಾಸ ಇದೆ, ಆದರೆ ಬೂಟು ಸರಿಯಾಗಿ ಕೂತ ಮೇಲೆ ನೋಡಬೇಕಾದ ಮಾತು ಅದು.

ಇನ್ನು ನಿಮ್ಮ ಪಾದಕ್ಕೆ ಬರೋಣ. ಉದ್ದ, ಅಗಲ ಎಲ್ಲರೂ ಅಳೆಯುತ್ತಾರೆ. ಮೂರನೆಯದೊಂದಿದೆ, ಆಳ. ಪಾದದ ಮೇಲುಬ್ಬು ಎತ್ತರವಾಗಿದ್ದರೆ ಬೂಟು ಆಳವಾಗಿರಬೇಕು. ಇದನ್ನು ನೋಡುವುದು ಸುಲಭ. ಲೇಸು ಕಟ್ಟದೆ ಬೂಟಿನೊಳಗೆ ಕಾಲಿಡಿ. ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಕೂರಿಸಿ. ನಾಲಿಗೆಯನ್ನು ಮುಂದಕ್ಕೆ ಎಳೆದು ಬಿಡಿ. ಮೇಲಿನಿಂದ ಮೂರನೆಯ ಲೇಸಿನ ತೂತುಗಳ ಮೇಲೆ, ಈ ಬದಿಯಿಂದ ಆ ಬದಿಗೆ ಒಂದು ಪೆನ್ಸಿಲ್ ಅಡ್ಡ ಇಡಿ. ಪೆನ್ಸಿಲ್ ಎರಡೂ ಅಂಚಿನ ಮೇಲೆ ನೆಟ್ಟಗೆ ಕೂತರೆ ಆಳ ಸಾಕು. ಕಾಲಿಗೆ ತಾಗಿ ಏರುಪೇರಾದರೆ ಬೂಟಿನ ಆಳ ನಿಮಗೆ ಸಾಲದು, ಅದನ್ನು ಪಕ್ಕಕ್ಕಿಡಿ. ಅಂಗಡಿಯವರು ಏನೇ ಹೇಳಲಿ, ಈ ಒಂದು ವಿಷಯದಲ್ಲಿ ರಾಜಿಯಾಗಬೇಡಿ. ಆಳವನ್ನು ಆಮೇಲೆ ಹೆಚ್ಚಿಸಲು ಬರುವುದೇ ಇಲ್ಲ ಅನ್ನುವಷ್ಟು ಕಷ್ಟ.

ಅಗಲದ ಕಥೆ ಬೇರೆ. ಬೆರಳುಗಳ ಹತ್ತಿರ ಬೂಟು ಬಿಗಿಯಾದರೆ ಆ ಜಾಗವನ್ನಷ್ಟೇ ಬಿಸಿ ಮಾಡಿ, ಒಳಗಿನಿಂದ ಒತ್ತಿ ಹಿಗ್ಗಿಸಬಹುದು. ನನ್ನ ಕೆಲಸದಲ್ಲಿ ಇದನ್ನು ಬೇಕಾದಷ್ಟು ಮಾಡಿದ್ದೇನೆ, ಚೆನ್ನಾಗಿಯೇ ಆಗುತ್ತದೆ. ಆದರೆ ಸಡಿಲವಾದ ಹಿಮ್ಮಡಿಯನ್ನು ಒತ್ತಿ ಕಿರಿದು ಮಾಡಲು ಬರುವುದಿಲ್ಲ. ಆದ್ದರಿಂದ ನಿಮ್ಮಂಥ ಪಾದದವರು ಮುಂಭಾಗ ಅಗಲವಾಗಿದೆ ಅಂತ ನೇರವಾಗಿ ಫಿಟ್ 3 ಅಥವಾ ವೈಡ್ ಕಡೆ ಹೋಗಬೇಡಿ. ಅಲ್ಲಿ ಬೆರಳಿಗೆ ಹಾಯ್ ಅನ್ನಿಸುತ್ತದೆ, ಹಿಮ್ಮಡಿ ಮಾತ್ರ ಪ್ರತಿ ಹೆಜ್ಜೆಗೂ ಮೇಲೇಳುತ್ತದೆ. ಹಿಂದಕ್ಕೆ ಸ್ಕೇಟ್ ಮಾಡುತ್ತಾ ದಿಕ್ಕು ಬದಲಿಸುವುದು ಡಿಫೆನ್ಸ್‌ನವರ ದಿನನಿತ್ಯದ ಕೆಲಸ, ಅಲ್ವಾ? ಹಿಮ್ಮಡಿ ಅಲುಗಾಡಿದರೆ ಬ್ಲೇಡು ನಿಮ್ಮ ಮಾತು ಕೇಳುವುದು ತಡವಾಗುತ್ತದೆ. ಹಿಮ್ಮಡಿಗೂ ಮೇಲುಬ್ಬಿಗೂ ಹೊಂದುವ ಬೂಟು ಆರಿಸಿ, ಮುಂಭಾಗವನ್ನು ಒತ್ತಿಸಿ ಹಿಗ್ಗಿಸಿಕೊಳ್ಳಿ.

ನೀವು ಮೊದಲು ಟ್ರೂ ಹಾಕಿ ನೋಡಿ ಅನ್ನುತ್ತೇನೆ. ಕಾರಣ ಅದರ ರಚನೆ. ಹಿಂದಿನಿಂದ ಬಂದ ಪದ್ಧತಿಯಲ್ಲಿ ಬೂಟಿನ ಎರಡು ಬದಿಗಳನ್ನು ಬೇರೆಯಾಗಿ ಮಾಡಿ, ಕೆಳಗೆ ಗಟ್ಟಿ ಅಟ್ಟೆಗೆ ಅಂಟಿಸುತ್ತಿದ್ದರು. ಬದಿಗಳು ಬಿಸಿಗೆ ಬಾಗಿದರೂ ಅಟ್ಟೆ ಬಾಗುತ್ತಿರಲಿಲ್ಲ. ಸ್ಕಾಟ್ ವ್ಯಾನ್ ಹಾರ್ನ್ ಅವರ ವಿಎಚ್ ಕಂಪನಿ ಅಳತೆಗೆ ತಕ್ಕ ಹಾಗೆ ಇಡೀ ಬೂಟನ್ನು ಒಂದೇ ಚಿಪ್ಪಾಗಿ ಮಾಡುತ್ತಿತ್ತು. 2016ರಲ್ಲಿ ಟ್ರೂ ಆ ಕಂಪನಿಯನ್ನು ಕೊಂಡಿತು. ಆ ಚಿಪ್ಪು ಬಿಸಿ ಮಾಡಿದಾಗ ಅಂಗಾಲಿನ ಅಂಚಿನವರೆಗೂ ಪಾದಕ್ಕೆ ಸುತ್ತಿಕೊಳ್ಳುತ್ತದೆ. ನಿಮ್ಮ ಹಾಗೆ ಮುಂದೆ ಅಗಲ, ಹಿಂದೆ ಸಣ್ಣ ಇರುವ ಪಾದಕ್ಕೆ ಇದು ದೊಡ್ಡ ಅನುಕೂಲ. ಸಿಸಿಎಂ ಕೂಡ 2018ರಲ್ಲಿ ಸೂಪರ್ ಟ್ಯಾಕ್ಸ್ ಎಎಸ್1 ಅನ್ನುವ ಮಾಡೆಲ್ ಜೊತೆ ಮಾನೋಫ್ರೇಮ್ ಅನ್ನುವ ಒಂದೇ ತುಂಡಿನ ಬೂಟು ತಂದಿತು. ಜೆಟ್‌ಸ್ಪೀಡ್‌ನ ಮೇಲ್ದರ್ಜೆಯ ಬೂಟುಗಳಿಗೂ ಅದು ಬಂತು. ಹಾಗಾಗಿ ಟ್ರೂ ಆದಮೇಲೆ ಜೆಟ್‌ಸ್ಪೀಡ್ ರೆಗ್ಯುಲರ್, ಆಮೇಲೆ ಸುಪ್ರೀಮ್ ಫಿಟ್ 2 ಹಾಕಿ ನೋಡಿ.

ಹಾಕಿದಾಗ ಏನು ಗಮನಿಸಬೇಕು? ನೆಟ್ಟಗೆ ನಿಂತರೆ ಬೆರಳ ತುದಿ ಮುಂದಿನ ಗಟ್ಟಿ ಟೋಪಿಗೆ ಸವರಿದ ಹಾಗೆ ತಾಗಬೇಕು. ಮಂಡಿ ಬಗ್ಗಿಸಿದರೆ ಬೆರಳು ತುಸು ಹಿಂದೆ ಸರಿದು ಹಿಮ್ಮಡಿ ಗೂಡಿನಲ್ಲಿ ಕೂರಬೇಕು. ದಿನಬಳಕೆಯ ಶೂ ಅಳತೆಗಿಂತ ಸ್ಕೇಟ್ ಒಂದು, ಒಂದೂವರೆ ಸೈಜ್ ಚಿಕ್ಕದಿರುವುದು ಸಾಮಾನ್ಯ, ಗಾಬರಿಯಾಗಬೇಡಿ. ಲೇಸು ಕಟ್ಟಿದ ಮೇಲೆ ತೂತುಗಳ ಎರಡು ಸಾಲಿನ ನಡುವೆ ಒಂದೂವರೆಯಿಂದ ಎರಡು ಅಂಗುಲ ಉಳಿಯಲಿ. ಸಾಲುಗಳು ಹತ್ತಿರ ಹತ್ತಿರ ಬಂದು ಮುಟ್ಟುವ ಹಾಗಿದ್ದರೆ ಬೂಟು ನಿಮಗೆ ದೊಡ್ಡದು.

ಬೂಟು ಬಳಸುತ್ತಾ ಬಳಸುತ್ತಾ ಸರಿಹೋಗುತ್ತದೆ ಅನ್ನುವ ಮಾತನ್ನೂ ನಂಬಬೇಡಿ. ಅದು ಚರ್ಮದ ಬೂಟಿನ ಕಾಲದ್ದು. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಬ್ರ್ಯಾಂಡನ್ ಊರಿನ ಜಾರ್ಜ್ ಟ್ಯಾಕಬೆರಿ ಹಾಕಿ ಆಟಗಾರರಿಗೆ ಕಾಂಗರೂ ಚರ್ಮದಲ್ಲಿ ಬೂಟು ಹೊಲಿದು ಹೆಸರಾದವನು. ಸಿಸಿಎಂನ ಟ್ಯಾಕ್ಸ್ ಹೆಸರು ಅವನಿಂದಲೇ ಬಂದದ್ದು. ಚರ್ಮ ಬೆವರಿಗೆ, ಬಳಕೆಗೆ ನಿಧಾನವಾಗಿ ಕಾಲಿಗೆ ಒಗ್ಗುತ್ತಿತ್ತು. ಈಗಿನ ಕಾರ್ಬನ್ ಬೂಟು ಹಾಗಲ್ಲ. ಬಿಸಿ ಮಾಡಿದಾಗ ಒಗ್ಗಿದರೆ ಒಗ್ಗಿತು. ಅಷ್ಟಾದ ಮೇಲೂ ಎಲುಬಿಗೆ ಚುಚ್ಚಿದರೆ ಮುಂದೆಯೂ ಅಲ್ಲೇ ಚುಚ್ಚುತ್ತದೆ.

ಕೊನೆಗೊಂದು ಮಾತು. ವೇಪರ್, ಜೆಟ್‌ಸ್ಪೀಡ್‌ನಂಥ ಬಹುತೇಕ ಸಾಲುಗಳಲ್ಲಿ ತುತ್ತತುದಿಯ ಮಾಡೆಲ್‌ಗೂ ಅದರ ಕೆಳಗಿನದಕ್ಕೂ ಒಳಗಿನ ಆಕಾರ ಹೆಚ್ಚುಕಮ್ಮಿ ಒಂದೇ. ಬದಲಾಗುವುದು ತೂಕ, ಬಿಗುವು, ಒಳಪದರ, ಬ್ಲೇಡಿನ ಉಕ್ಕು. ಲೇಸು ಕಟ್ಟಿ ಮಂಡಿ ಬಗ್ಗಿಸಿದಾಗ ಬೂಟು ಸ್ವಲ್ಪವೂ ಮುಂದಕ್ಕೆ ಬರದಿದ್ದರೆ ಅಷ್ಟು ಬಿಗುವು ನಿಮಗೆ ಬೇಡ. ಒಂದು ಮೆಟ್ಟಿಲು ಕೆಳಗಿನದನ್ನು ಧೈರ್ಯವಾಗಿ ಕೊಳ್ಳಿ.

ಪ್ರಶ್ನೆ: ಸರ್, ಮಗಳು ಹಾಕಿ ಶುರು ಮಾಡಿದ್ದಾಳೆ. ಬೆಳೆಯುವ ಕಾಲು. ಎರಡು ಸೈಜ್ ದೊಡ್ಡ ಸ್ಕೇಟ್ ತೆಗೆದುಕೊಂಡು ದಪ್ಪ ಸಾಕ್ಸ್ ಹಾಕಿಸಿದರೆ ನಡೆಯುವುದಿಲ್ಲವೇ?

ಉತ್ತರ: ನಡೆಯುವುದಿಲ್ಲ ತಾಯಿ, ದಯವಿಟ್ಟು ಹಾಗೆ ಮಾಡಬೇಡಿ. ದೊಡ್ಡ ಬೂಟಿನಲ್ಲಿ ಹಿಮ್ಮಡಿ ಎದ್ದೆದ್ದು ಬೊಬ್ಬೆ ಬರುತ್ತದೆ, ಕಾಲ್ಗಂಟು ಒಳಕ್ಕೆ ವಾಲುತ್ತದೆ. ಮಗು ತನ್ನ ಕಾಲಲ್ಲಿ ಶಕ್ತಿ ಇಲ್ಲ ಅಂದುಕೊಳ್ಳುತ್ತದೆ. ಅದು ನನಗೆ ಬಹಳ ಬೇಸರ ತರುವ ವಿಷಯ. ಬೆಳವಣಿಗೆಗೆ ಅರ್ಧ ಸೈಜ್ ಬಿಡಿ, ಅದಕ್ಕಿಂತ ಹೆಚ್ಚು ಬೇಡ. ಸಾಕ್ಸ್ ತೆಳ್ಳಗಿರಲಿ. ದೊಡ್ಡವರ ಮೇಲ್ದರ್ಜೆಯ ಬೂಟನ್ನು ಹೋಲುವ ಅತಿ ಗಟ್ಟಿ ಮಾಡೆಲ್ ಕೂಡ ಬೇಡ, ಹಗುರ ಮೈಯ ಮಗು ಅದನ್ನು ಬಗ್ಗಿಸಲಾರದು. ಖರ್ಚಿನ ಚಿಂತೆಯಿದ್ದರೆ ಯಾರೋ ಬಳಸಿದ, ಕಾಲ್ಗಂಟಿನ ಹತ್ತಿರ ಇನ್ನೂ ಗಟ್ಟಿಯಾಗಿರುವ, ಸರಿಯಾದ ಅಳತೆಯ ಬೂಟು ಹೊಸ ದೊಡ್ಡ ಬೂಟಿಗಿಂತ ಮೇಲು.

ಪ್ರಶ್ನೆ: ಹೊಸ ದುಬಾರಿ ಸ್ಕೇಟ್ ಹಾಕಿದ ಮೇಲೆ ಕಾಲ್ಗಂಟಿನ ಮುಂಭಾಗ, ಲೇಸು ಅಡ್ಡ ಬರುವ ಕಡೆ, ಮುಟ್ಟಿದರೆ ನೋವು. ಬೂಟು ಬದಲಿಸಬೇಕೇ?

ಉತ್ತರ: ಇದನ್ನು ಆಟಗಾರರು ಲೇಸ್ ಬೈಟ್ ಅನ್ನುತ್ತಾರೆ. ಪಾದವನ್ನು ಮೇಲೆತ್ತುವ ಸ್ನಾಯುಗಳ ಹುರಿಗಳು ಅಲ್ಲಿ ಚರ್ಮದ ಕೆಳಗೇ ಹಾದುಹೋಗುತ್ತವೆ. ಲೇಸಿನ ಒತ್ತಡ ನೇರ ಅವುಗಳ ಮೇಲೆ ಬೀಳುತ್ತದೆ. ಬೂಟು ಗಟ್ಟಿಯಾದಷ್ಟೂ ಒತ್ತಡ ಜಾಸ್ತಿ.

ತಕ್ಷಣಕ್ಕೆ, ನೋವಿರುವ ಜಾಗದ ನೇರಕ್ಕಿರುವ ಜೋಡಿ ತೂತನ್ನು ಬಿಟ್ಟು ಲೇಸು ಕಟ್ಟಿ. ಮೇಣ ಹಚ್ಚಿದ ಲೇಸಿದ್ದರೆ ಬದಲಿಸಿ, ಅದು ಕಟ್ಟಿದ ಬಿಗಿಯನ್ನು ಬಿಟ್ಟುಕೊಡುವುದಿಲ್ಲ. ನಾಲಿಗೆ ತೆಳುವಾಗಿದ್ದರೆ ದಪ್ಪ ಫೆಲ್ಟ್‌ನ ನಾಲಿಗೆ ಹಾಕಿಸಬಹುದು. ಜೆಲ್ ಪ್ಯಾಡ್ ಕೂಡ ಸ್ವಲ್ಪ ಸಹಾಯ ಮಾಡುತ್ತದೆ. ಆದರೆ ಮೊದಲ ಉತ್ತರದಲ್ಲಿ ಹೇಳಿದ ಪೆನ್ಸಿಲ್ ಪರೀಕ್ಷೆಯನ್ನು ಇವತ್ತೇ ಮಾಡಿ. ಅದರಲ್ಲಿ ಬೂಟು ಸೋತರೆ ಈ ಉಪಾಯಗಳೆಲ್ಲ ತಾತ್ಕಾಲಿಕ, ಆಳವಾದ ಬೂಟೇ ಬೇಕು. ಊತ ಇಳಿಯದಿದ್ದರೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಮನೆಯ ಓವನ್‌ನಲ್ಲೇ ಸ್ಕೇಟ್ ಬಿಸಿ ಮಾಡಬಹುದೇ?

ಉತ್ತರ: ಬೇಡ. ಬೂಟಿಗೆ ಬೇಕಾದದ್ದು 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಸಮನಾದ ಶಾಖ, ಅದೂ ಕೆಲವೇ ನಿಮಿಷ. ಅಡುಗೆ ಓವನ್‌ನಲ್ಲಿ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಆಗಿ ಅಂಟು ಬಿಡುವ ಅಪಾಯವಿದೆ. ಸ್ಕೇಟ್ ಅಂಗಡಿಯಲ್ಲೇ ಮಾಡಿಸಿ. ಬಿಸಿ ಬೂಟಿನ ಲೇಸನ್ನು ಮೇಲಕ್ಕೆ ಜಗ್ಗಬೇಡಿ, ಪಕ್ಕಕ್ಕೆ ಎಳೆಯಿರಿ. ಮೆತ್ತಗಾದಾಗ ತೂತಿನ ಬಳೆಗಳು ಕಿತ್ತು ಬರುತ್ತವೆ. ಹದಿನೈದು ನಿಮಿಷ ಕೂತೇ ಇರಿ, ಎದ್ದು ನಡೆಯಬೇಡಿ. ಒಂದು ದಿನ ಬಿಟ್ಟು ಮಂಜಿಗೆ ಇಳಿಯಿರಿ.

ಪ್ರಶ್ನೆ: ಒಂದು ಬ್ರಾಂಡ್‌ನಿಂದ ಇನ್ನೊಂದಕ್ಕೆ ಬಂದೆ. ಬೂಟು ಕೈಗವಸಿನ ಹಾಗೆ ಕೂತಿದೆ. ಆದರೆ ಮುಂದಕ್ಕೆ ಮುಗ್ಗರಿಸುವ ಹಾಗೆ ಆಗುತ್ತಿದೆ. ಬೂಟೇ ಸರಿಯಿಲ್ಲವೇ?

ಉತ್ತರ: ಬೂಟನ್ನು ದೂರಬೇಡಿ, ಕೆಳಗೆ ನೋಡಿ. ಬೂಟಿನ ಅಡಿಯಲ್ಲಿ ಬ್ಲೇಡನ್ನು ಹಿಡಿದಿಡುವ ಹೋಲ್ಡರ್ ಹಿಮ್ಮಡಿಯನ್ನು ಎಷ್ಟು ಎತ್ತುತ್ತದೆ ಅನ್ನುವುದು ಒಂದೊಂದು ಕಂಪನಿಗೆ ಒಂದೊಂದು ರೀತಿ. ಅದರ ಜೊತೆ ಬ್ಲೇಡಿನ ಉದ್ದುದ್ದದ ಬಾಗು ಬೇರೆ. ಆ ಬಾಗು ಎಷ್ಟು ದೊಡ್ಡ ವೃತ್ತದ ತುಂಡೋ ಅದರ ತ್ರಿಜ್ಯವನ್ನು ಅಡಿ ಲೆಕ್ಕದಲ್ಲಿ ಹೇಳುತ್ತಾರೆ, 9, 10, 11 ಹೀಗೆ. ಸಂಖ್ಯೆ ದೊಡ್ಡದಾದಷ್ಟೂ ಬ್ಲೇಡು ಹೆಚ್ಚು ಚಪ್ಪಟೆ, ಮಂಜಿಗೆ ಹೆಚ್ಚು ತಾಗುತ್ತದೆ, ನಿಲ್ಲುವುದು ಸ್ಥಿರ. ಚಿಕ್ಕದಾದರೆ ತಿರುಗುವುದು ಸುಲಭ, ಮುಂದೆ ಹಿಂದೆ ಓಲಾಡುವುದೂ ಸುಲಭ. ಹಳೆಯ ಬ್ಲೇಡಿನ ಬಾಗನ್ನು ಅಳೆಸಿ, ಹೊಸದಕ್ಕೂ ಅದನ್ನೇ ಮಾಡಿಕೊಡಲು ಹೇಳಿ.

ಸಾಣೆಯ ಅಳತೆಯನ್ನೂ ಕೇಳಿ. ಬ್ಲೇಡಿನ ಎರಡು ಅಂಚುಗಳ ನಡುವೆ ಸಾಣೆ ಒಂದು ಗುಳಿ ಕೊರೆಯುತ್ತದೆ, ಆ ಗುಳಿಯ ವೃತ್ತದ ತ್ರಿಜ್ಯವೇ ಈ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಗುಳಿ ಆಳ. 1/2 ಅಂಗುಲ ಹೆಚ್ಚಿನವರಿಗೆ ಒಪ್ಪುತ್ತದೆ. 3/8 ಆದರೆ ಗುಳಿ ಆಳ, ಅಂಚು ಮಂಜನ್ನು ಗಟ್ಟಿಯಾಗಿ ಕಚ್ಚುತ್ತದೆ. 5/8 ಆದರೆ ಜಾರುವುದು ಹಗುರ, ಮೈತೂಕ ಜಾಸ್ತಿ ಇರುವವರಿಗೆ ಅದೇ ಹಿತ. ಹಳೆಯದು 5/8 ಇದ್ದು ಹೊಸದನ್ನು 3/8ಕ್ಕೆ ಸಾಣೆ ಹಿಡಿದಿದ್ದರೆ, ನಿಲ್ಲಿಸಲು ಹೋದಾಗ ಬ್ಲೇಡು ಕಚ್ಚಿಕೊಂಡು ನೀವು ಮುಗ್ಗರಿಸುವುದು ಸಹಜ. ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಮೊದಲು ಸಾಣೆ, ಕೆಲವು ಸಲ ಆಡಿ ನೋಡಿದ ಮೇಲೆ ಬಾಗು. ಅಷ್ಟರ ಮೇಲೂ ಸರಿಹೋಗದಿದ್ದರೆ ಇನ್ನೊಮ್ಮೆ ಬರೆಯಿರಿ. ಹಳೆಯ, ಹೊಸ ಎರಡೂ ಹೋಲ್ಡರ್‌ಗಳ ಹೆಸರು ಮತ್ತು ಬ್ಲೇಡಿನ ಅಳತೆ ಪತ್ರದಲ್ಲಿರಲಿ.