ಸಿ-60 ಟಾಲ್ವೀನ್‌ನಲ್ಲಿ ಕರಗುವುದೇಕೆ?

ಮಾನ್ಯರೇ, ಗ್ರಾಫೈಟ್ ಕರಗದಿರುವಾಗ ಅದೇ ಇಂಗಾಲದ ಸಿ-60 (60 ಇಂಗಾಲದ ಪರಮಾಣುಗಳ ಚೆಂಡಿನಾಕಾರದ ಅಣು) ಟಾಲ್ವೀನ್ ಎಂಬ ದ್ರಾವಕದಲ್ಲಿ ಕರಗಿ ನೇರಳೆ ಬಣ್ಣ ತಳೆಯುವುದೇಕೆ, ಅದರ ಉಪಯೋಗವೇನು ಎಂದು ಪುಣೆಯಿಂದ ಕೇಳಿದ್ದೀರಿ. ಗ್ರಾಫೈಟ್‌ನ ಹಾಳೆಯೊಳಗೆ ಇಂಗಾಲದ ಪರಮಾಣುಗಳು ಗಟ್ಟಿಯಾದ ಬಂಧಗಳಿಂದ ಉದ್ದಗಲಕ್ಕೂ ಹೆಣೆದುಕೊಂಡಿರುವುದರಿಂದ ದ್ರಾವಕವು ಬಿಡಿಸಿಕೊಳ್ಳಬಲ್ಲ ಸಣ್ಣ ಅಣುಗಳೇ ಅಲ್ಲಿಲ್ಲ. 12 ಪಂಚಭುಜಗಳೂ 20 ಷಡ್ಭುಜಗಳೂ ಕೂಡಿದ ಸಿ-60 ಮಾತ್ರ ತನ್ನಷ್ಟಕ್ಕೆ ಮುಚ್ಚಿದ ಪಂಜರವಾಗಿದ್ದು, ನೆರೆಯ ಅಣುಗಳೊಂದಿಗೆ ಅದಕ್ಕಿರುವುದು ದುರ್ಬಲ ಆಕರ್ಷಣೆಯಷ್ಟೇ; ಆದ್ದರಿಂದ ಟಾಲ್ವೀನ್ ಆ ಅಣುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬಲ್ಲದು. ಬಣ್ಣಕ್ಕೆ ಕಾರಣ, ಅದರ ಇಲೆಕ್ಟ್ರಾನುಗಳು ಗೋಚರ ಬೆಳಕಿನ ಒಂದು ಭಾಗವನ್ನು ಹೀರುವುದು.

ಉಪಯೋಗಗಳಲ್ಲಿ ನನಗೆ ಮುಖ್ಯವೆನಿಸುವುದು ಇಲೆಕ್ಟ್ರಾನುಗಳನ್ನು ಸುಲಭವಾಗಿ ಸ್ವೀಕರಿಸುವ ಅದರ ಗುಣ: ಸಾವಯವ (ಇಂಗಾಲದ ಸಂಯುಕ್ತಗಳಿಂದಾದ) ಸೌರಕೋಶಗಳಲ್ಲಿ ಸಿ-60ರಿಂದ ತಯಾರಿಸಿದ ಸಂಯುಕ್ತಗಳನ್ನು ಬಳಸಿರುವುದೂ, ಪೊಟ್ಯಾಸಿಯಂ ಬೆರೆಸಿದಾಗ ಅದು ಸುಮಾರು 18 ಕೆಲ್ವಿನ್‌ನಲ್ಲಿ (ಸುಮಾರು −255 ಡಿಗ್ರಿ ಸೆಲ್ಸಿಯಸ್) ಅತಿವಾಹಕವಾಗುವುದೂ, ಎಂದರೆ ತಡೆಯಿಲ್ಲದೆ ವಿದ್ಯುತ್ತನ್ನು ಹರಿಯಬಿಡುವುದೂ, ಇದರಿಂದಲೇ. ಟಾಲ್ವೀನ್‌ನ ಆವಿ ಹಾನಿಕರವಾದ್ದರಿಂದ ದಯವಿಟ್ಟು ಈ ಪ್ರಯೋಗವನ್ನು ಮನೆಯಲ್ಲಿ ಮಾಡದೆ, ಆವಿಯನ್ನು ಹೊರಹಾಕುವ ವ್ಯವಸ್ಥೆಯಿರುವ ಕಾಲೇಜಿನ ಪ್ರಯೋಗಾಲಯದಲ್ಲೇ ಮಾಡಿರಿ.