ಸಿ ಡ್ರೈವ್ ಫುಲ್ ಆಗಿದೆ, ಡಿ ನಲ್ಲಿ 200 ಜಿಬಿ ಖಾಲಿ ಇದೆ. ಡಿ ಶ್ರಿಂಕ್ (ಚಿಕ್ಕದು) ಮಾಡಿದ್ರೂ ಸಿ ಮೇಲೆ ಎಕ್ಸ್‌ಟೆಂಡ್ ವಾಲ್ಯೂಮ್ ಅನ್ನೋ ದೊಡ್ಡದು ಮಾಡೋ ಆಯ್ಕೆ ಯಾಕೆ ಮಂಕಾಗಿದೆ?

ಯಾಕಂದ್ರೆ ನೀವು ಬಿಡಿಸ್ಕೊಂಡ ಜಾಗ ಸಿ ಪಕ್ಕದಲ್ಲಿಲ್ಲ. ಶ್ರಿಂಕ್ ಮಾಡಿದಾಗ ವಿಂಡೋಸ್ ಯಾವಾಗ್ಲೂ ಪಾರ್ಟಿಶನ್ನಿನ (ಡಿಸ್ಕಿನ ಆ ಭಾಗದ) ಬಲತುದಿಯಿಂದ ಜಾಗ ಕತ್ತರಿಸುತ್ತೆ, ಎಕ್ಸ್‌ಟೆಂಡ್ ಆಗೋಕೆ ಮಾತ್ರ ಸಿ ಗೆ ಅಂಟಿಕೊಂಡು ಬಲಗಡೆನೇ ಅನ್‌ಅಲೊಕೇಟೆಡ್ (ಯಾವ ಡ್ರೈವಿಗೂ ಸೇರದ) ಜಾಗ ಇರ್ಬೇಕು. ಮನೆ ದೊಡ್ಡದು ಮಾಡೋಕೆ ಪಕ್ಕದ ಸೈಟ್ ಬೇಕು ತಾನೇ, ಒಂದು ಸೈಟ್ ಬಿಟ್ಟು ಆಚೆ ತಗೊಂಡ್ರೆ ಏನು ಪ್ರಯೋಜನ, ಹಂಗೇ ಇದು.

ಡಿ ನಲ್ಲಿರೋದೆಲ್ಲ ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕ್ಕೊಂಡು, ಒಂದೆರಡು ಫೈಲ್ ತೆಗೆದೂ ನೋಡಿ, ಆಮೇಲೆ ವಿಂಡೋಸ್ ಜೊತೆಗೇ ಬರೋ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿ ಡಿಲೀಟ್ ಮಾಡಿ, ಸಿ ಎಕ್ಸ್‌ಟೆಂಡ್ ಮಾಡಿ, ಉಳಿದಿದ್ರಲ್ಲಿ ಹೊಸ ಡಿ ಮಾಡ್ಕೊಳ್ಳಿ. ಅಲ್ಲಿ ಲೆಕ್ಕ ಎಂಬಿಯಲ್ಲಿ ಕೇಳುತ್ತೆ, 100 ಜಿಬಿ ಬೇಕಂದ್ರೆ 102400 ಅಂತ ಹಾಕಿ. ಡಿ ಯಲ್ಲಿ ಪ್ರೋಗ್ರಾಂ ಏನಾದ್ರೂ ಇನ್‌ಸ್ಟಾಲ್ ಮಾಡಿದ್ರೆ ಕಾಪಿ ಮಾಡಿದ್ರೆ ಸಾಲಲ್ಲ, ಮತ್ತೆ ಇನ್‌ಸ್ಟಾಲ್ ಮಾಡ್ಬೇಕಾಗುತ್ತೆ.

ಕೆಲವು ಲ್ಯಾಪ್‌ಟಾಪಲ್ಲಿ ಸಿ ಆದ್ಮೇಲೆ 500-600 ಎಂಬಿಯ ರಿಕವರಿ ಪಾರ್ಟಿಶನ್ (ವಿಂಡೋಸ್ ಕೆಟ್ರೆ ಸರಿ ಮಾಡೋಕೆ ಇರೋ ಭಾಗ) ಅಡ್ಡ ಕೂತಿರುತ್ತೆ, ಚಿಕ್ಕದು ಅಂತ ಅಳಿಸ್ಬೇಡಿ. ಆಗ ಪೆನ್‌ಡ್ರೈವಿಂದ ಜಿಪಾರ್ಟೆಡ್ ಅನ್ನೋ ಪಾರ್ಟಿಶನ್ ಸರಿಸೋ ಸಾಫ್ಟ್‌ವೇರ್ ಬೂಟ್ ಮಾಡಿ ಅದನ್ನ ಬಲಕ್ಕೆ ಸರಿಸ್ಬೇಕು. ಬಿಟ್‌ಲಾಕರ್ (ವಿಂಡೋಸಿನ ಡ್ರೈವ್ ಎನ್‌ಕ್ರಿಪ್ಶನ್) ಆನ್ ಇದ್ರೆ ಮೊದ್ಲು ಆಫ್ ಮಾಡಿ ಪೂರ್ತಿ ಡಿಕ್ರಿಪ್ಟ್ ಆಗೋತನಕ ಕಾಯಿರಿ, ರಿಕವರಿ ಕೀ ಕೂಡ ಬರೆದಿಟ್ಕೊಳ್ಳಿ.

ಚಾರ್ಜರ್ ಹಾಕ್ಕೊಂಡೇ ಮಾಡಿ. ನಾನು ಒಂದ್ಸಲ ಡೆಸ್ಕ್‌ಟಾಪಲ್ಲಿ ಪಾರ್ಟಿಶನ್ ಸರಿಸ್ತಿದ್ದಾಗ 60% ಗೆ ಕರೆಂಟ್ ಹೋಯ್ತು, ಬ್ಯಾಕಪ್ ಇದ್ದಿದ್ದಕ್ಕೆ ಫೋಟೋ ಉಳೀತು.