ಕೋಡ್ ಎಲ್ಲರಿಗೂ ಕೊಟ್ಟರೆ ಕಂಪನಿಗಳು ಎತ್ತಿಕೊಂಡು ಹೋಗುವುದಿಲ್ವಾ?

ಪ್ರಶ್ನೆ: ನಾನು ಪ್ರೋಗ್ರಾಮರ್ ಅಲ್ಲ. ಆದರೆ ಲಿನಕ್ಸ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಬಳಸುತ್ತೇನೆ. ಯಾವುದಕ್ಕೂ ದುಡ್ಡು ಕೊಟ್ಟಿಲ್ಲ. ಇವನ್ನು ಬರೆದವರು ಸೋರ್ಸ್ ಕೋಡನ್ನೂ, ಅಂದರೆ ತಂತ್ರಾಂಶದ ಮೂಲ ಬರಹವನ್ನೂ, ಎಲ್ಲರ ಕೈಗೆ ಕೊಟ್ಟುಬಿಡುತ್ತಾರಂತೆ. ಹಾಗಾದರೆ ಯಾವುದೋ ಕಂಪನಿ ಅದನ್ನೇ ತೆಗೆದುಕೊಂಡು ಮಾರಿಕೊಳ್ಳಬಹುದಲ್ಲ? ಬರೆದವರ ಹೊಟ್ಟೆಪಾಡೇನು?

ಉತ್ತರ: ಮಾರಿಕೊಳ್ಳಬಹುದು, ಧಾರಾಳವಾಗಿ. ಗೊಂದಲ ಹುಟ್ಟುವುದು 'ಫ್ರೀ' ಎಂಬ ಪದದಿಂದ. ಇಂಗ್ಲಿಷಿನಲ್ಲಿ ಪುಕ್ಕಟೆ ಎನ್ನುವುದಕ್ಕೂ ಸ್ವತಂತ್ರ ಎನ್ನುವುದಕ್ಕೂ ಅದೊಂದೇ ಮಾತು. ಕನ್ನಡಕ್ಕೆ ಆ ಪೇಚಾಟವಿಲ್ಲ. ಇಲ್ಲಿ ಹೇಳುತ್ತಿರುವುದು ಸ್ವತಂತ್ರದ ವಿಷಯ. ಈ ಚಳವಳಿ ಶುರು ಮಾಡಿದ ರಿಚರ್ಡ್ ಸ್ಟಾಲ್‌ಮನ್ ಅವರೇ 1985ರಲ್ಲಿ ತಮ್ಮ ಇಮ್ಯಾಕ್ಸ್ ಎಂಬ ಬರಹ ತಿದ್ದುವ ತಂತ್ರಾಂಶವನ್ನು ಟೇಪಿಗೆ ತುಂಬಿ 150 ಡಾಲರಿಗೆ ಮಾರುತ್ತಿದ್ದರು. ಕೊಂಡವರು ಅದನ್ನು ತಿದ್ದಬಹುದಿತ್ತು, ನಕಲು ಮಾಡಿ ಹತ್ತು ಜನರಿಗೆ ಹಂಚಬಹುದಿತ್ತು.

ಅವರು ಈ ಹಠ ಹಿಡಿದದ್ದಕ್ಕೆ ಒಂದು ಪ್ರಿಂಟರ್ ಕಾರಣ. 1980ರ ಆಸುಪಾಸು. ಅವರು ಕೆಲಸ ಮಾಡುತ್ತಿದ್ದ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಎಐ ಲ್ಯಾಬಿಗೆ ಹೊಸ ಲೇಸರ್ ಪ್ರಿಂಟರ್ ಬಂತು. ಆಗಾಗ ಕಾಗದ ಸಿಕ್ಕಿಹಾಕಿಕೊಳ್ಳುವುದು ಅದರ ಚಾಳಿ. ಹಳೆಯ ಪ್ರಿಂಟರಿಗೂ ಆ ಚಾಳಿ ಇತ್ತು. ಆದರೆ ಅದರ ಕೋಡ್ ಕೈಯಲ್ಲಿತ್ತು. ಹಾಗಾಗಿ ಕಾಗದ ಸಿಕ್ಕಿಕೊಂಡ ಕೂಡಲೇ ಕಾಯುತ್ತಿದ್ದವರ ಪರದೆಗೆ ಸಂದೇಶ ಹೋಗುವಂತೆ ಸ್ಟಾಲ್‌ಮನ್ ತಿದ್ದಿದ್ದರು. ಹೊಸದರ ಕೋಡ್ ಸಿಗಲಿಲ್ಲ. ಅದು ಇನ್ನೊಂದು ವಿಶ್ವವಿದ್ಯಾಲಯದ ಸಂಶೋಧಕರ ಹತ್ತಿರ ಇದೆ ಎಂದು ತಿಳಿದು ಹೋಗಿ ಕೇಳಿದರು. ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂಬ ಉತ್ತರ ಬಂತು. 1983ರ ಸೆಪ್ಟೆಂಬರಿನಲ್ಲಿ ಸ್ಟಾಲ್‌ಮನ್ ಗ್ನು ಯೋಜನೆ ಘೋಷಿಸಿದರು: ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಯೋಜನೆ ಅದು.

ಈಗ ನಿಮ್ಮ 'ಎತ್ತಿಕೊಂಡು ಹೋಗುವ' ಪ್ರಶ್ನೆಗೆ ಬರೋಣ. 1989ರಲ್ಲಿ ಗ್ನು ಯೋಜನೆಯಿಂದ ಬಂದ ಜಿಪಿಎಲ್ ಎಂಬ ಲೈಸೆನ್ಸ್ (ಕೋಡ್ ಬಳಸುವ ಪರವಾನಗಿ) ಇದಕ್ಕೆ ಚಂದದ ಉಪಾಯ ಹೂಡಿತು. ಬರೆದವರು ಕಾಪಿರೈಟನ್ನು ಬಿಟ್ಟುಕೊಡುವುದೇ ಇಲ್ಲ. ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ಷರತ್ತು ಹಾಕುತ್ತಾರೆ: ಬಳಸಿ, ಓದಿ, ತಿದ್ದಿ, ಮಾರಿ, ಆದರೆ ಬೇರೆಯವರಿಗೆ ಕೊಡುವಾಗ ಕೋಡನ್ನೂ ಕೊಡಬೇಕು, ಇದೇ ಲೈಸೆನ್ಸಿನಲ್ಲಿ ಕೊಡಬೇಕು. ಮುಚ್ಚಿಡಲು ಮಾಡಿದ ಕಾನೂನನ್ನೇ ತೆರೆದಿಡಲು ಬಳಸಿದ ಹಾಗೆ. ತಮಾಷೆಗೆ ಇದನ್ನು ಕಾಪಿಲೆಫ್ಟ್ ಅಂತಾರೆ.

ಇದೆಲ್ಲ ಸುಮ್ನೆ ಕಾಗದದ ಮೇಲಿನ ಮಾತಲ್ಲ. 2003ರಲ್ಲಿ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯೂಆರ್‌ಟಿ54ಜಿ ಎಂಬ ವೈಫೈ ರೌಟರಿನೊಳಗೆ ಲಿನಕ್ಸ್ ಇದೆ ಎಂದು ಕೆಲವರು ಪತ್ತೆ ಹಚ್ಚಿದರು. ಜಿಪಿಎಲ್ ಪ್ರಕಾರ ಕೋಡ್ ಕೊಡಿ ಎಂದು ಪಟ್ಟು ಹಿಡಿದರು. ಕಂಪನಿ ಕೊಟ್ಟಿತು. ಆ ಕೋಡಿನಿಂದ ಹುಟ್ಟಿದ್ದೇ ಓಪನ್‌ಡಬ್ಲ್ಯೂಆರ್‌ಟಿ ಎಂಬ ರೌಟರ್ ತಂತ್ರಾಂಶ. ರೌಟರಿನ ಹೆಸರಿನ ತುಂಡು ಅದರಲ್ಲೇ ಉಳಿದಿದೆ ನೋಡಿ. ಬೇರೆ ಬೇರೆ ಕಂಪನಿಗಳ ನೂರಾರು ಬಗೆಯ ರೌಟರ್‌ಗಳಲ್ಲಿ ಅದು ಈಗ ಓಡುತ್ತದೆ.

ಎಲ್ಲ ಲೈಸೆನ್ಸ್‌ಗಳೂ ಇಷ್ಟು ಬಿಗಿಯಲ್ಲ. ಬಿಎಸ್‌ಡಿ, ಎಂಐಟಿ ಎಂಬ ಲೈಸೆನ್ಸ್‌ಗಳ ಕೋಡನ್ನು ತೆಗೆದುಕೊಂಡು ತನ್ನ ಉತ್ಪನ್ನದೊಳಗೆ ಮುಚ್ಚಿಡಬಹುದು. ಬರೆದವರ ಕಾಪಿರೈಟ್ ಸಾಲನ್ನೂ ಲೈಸೆನ್ಸಿನ ಒಕ್ಕಣೆಯನ್ನೂ ಉಳಿಸಿದರೆ ಸಾಕು. ಆಪಲ್‌ನ ಮ್ಯಾಕ್‌ಒಎಸ್‌ನಲ್ಲಿ ಬಿಎಸ್‌ಡಿಯ ಕೋಡ್ ಬೇಕಾದಷ್ಟಿದೆ. ಯಾವುದು ಸರಿ ಎಂಬ ಜಗಳ ಇನ್ನೂ ಮುಗಿದಿಲ್ಲ. ನನ್ನನ್ನು ಕೇಳಿದರೆ ಜಿಪಿಎಲ್ ಕಡೆಗೇ ವಾಲುತ್ತೇನೆ, ಆ ರೌಟರಿನ ಕಾರಣಕ್ಕೆ.

ಇನ್ನು ಹೊಟ್ಟೆಪಾಡು. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬಿಟ್ಟಾಗ ಅದನ್ನು ಹಂಚುವವರು ಒಂದು ಕಾಸೂ ತೆಗೆದುಕೊಳ್ಳುವಂತಿರಲಿಲ್ಲ, ಸಾಗಾಟದ ಖರ್ಚನ್ನು ಸಹ. ಮರುವರ್ಷವೇ ಅವರು ಜಿಪಿಎಲ್‌ಗೆ ಬದಲಾಯಿಸಿದರು. ಆಮೇಲೆ ಅದರ ಸುತ್ತ ವ್ಯಾಪಾರ ಬೆಳೆಯಿತು. ರೆಡ್ ಹ್ಯಾಟ್ ಎಂಬ ಕಂಪನಿ ಮಾರಿದ್ದು ಲಿನಕ್ಸಿನ ಜತೆಗೆ ಬರುವ ನೆರವನ್ನು, ರಿಪೇರಿಯನ್ನು, ಭರವಸೆಯನ್ನು. 2019ರಲ್ಲಿ ಐಬಿಎಂ ಅದನ್ನು ಸುಮಾರು 3,400 ಕೋಟಿ ಡಾಲರಿಗೆ ಕೊಂಡಿತು. ಲಿನಕ್ಸಿನ ತಿರುಳಾದ ಕರ್ನಲ್‌ಗೆ ಕೋಡ್ ಬರೆಯುವವರಲ್ಲಿ ಈಗ ಜಾಸ್ತಿ ಜನ ಸಂಬಳದವರೇ. ಸಂಬಳವಿಲ್ಲದವರೂ ಇದ್ದಾರೆ. ಅವರ ಕಥೆ ಮುಂದಿನ ಉತ್ತರದಲ್ಲಿ ಬರುತ್ತದೆ.

ಪ್ರಶ್ನೆ: ಕೋಡ್ ಎಲ್ಲರಿಗೂ ಕಾಣುತ್ತದೆ ಎಂದರೆ ಕಳ್ಳರಿಗೂ ಕಾಣುತ್ತದೆ ಅಲ್ವಾ?

ಉತ್ತರ: ಹೌದು, ಕಾಣುತ್ತದೆ. ತೆರೆದ ಕೋಡನ್ನು ಸಾವಿರ ಕಣ್ಣು ಕಾಯುತ್ತವೆ ಎನ್ನುವುದು ಅರ್ಧ ನಿಜ. 2014ರಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷ, ಜಾಲತಾಣಗಳ ಸಂವಹನವನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ ಎರಡು ವರ್ಷ ಎಲ್ಲರೆದುರೇ ಕೂತಿತ್ತು. ಓದಬಹುದು ಎಂದ ಮಾತ್ರಕ್ಕೆ ಯಾರೋ ಓದಿದ್ದಾರೆ ಎಂದೇನಲ್ಲ.

ಎಕ್ಸ್‌ಜೆಡ್ ಕಥೆ ಇನ್ನೂ ವಿಚಿತ್ರ. ಫೈಲುಗಳನ್ನು ಕುಗ್ಗಿಸುವ ಈ ಸಣ್ಣ ತಂತ್ರಾಂಶ ಬಹುಪಾಲು ಲಿನಕ್ಸ್‌ಗಳಲ್ಲಿದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಒಬ್ಬರೇ, ಅದೂ ಬಿಡುವಿನ ವೇಳೆಯಲ್ಲಿ. ದಣಿದಿದ್ದರು. 'ಜಿಯಾ ಟಾನ್' ಎಂಬ ಹೆಸರಿನಲ್ಲಿ ಯಾರೋ ಬಂದು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಪ್ಯಾಚ್‌ಗಳನ್ನು (ಕೋಡಿನ ತಿದ್ದುಪಡಿಗಳನ್ನು) ಕಳಿಸಿದರು, ನಂಬಿಕೆ ಗಳಿಸಿದರು, ಜವಾಬ್ದಾರಿಯನ್ನೂ ಪಡೆದರು. 2024ರಲ್ಲಿ 5.6.0 ಆವೃತ್ತಿಯೊಳಗೆ ಕದ್ದು ನುಗ್ಗಲು ಹಿಂಬಾಗಿಲು ಇಟ್ಟರು. ಪತ್ತೆಯಾದದ್ದು ಹೇಗೆ ಗೊತ್ತಾ? ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ಗೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಸಂಪರ್ಕಿಸುವ ಸಾಧನ) ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿತು. ಬೇರೆ ಯಾರಾದರೂ ಆಗಿದ್ದರೆ ಬಿಟ್ಟುಬಿಡುತ್ತಿದ್ದರು. ಅವರು ಬೆನ್ನು ಹತ್ತಿದರು. ಕೋಡ್ ಮುಚ್ಚಿದ್ದರೆ ಅವರ ಹುಡುಕಾಟ ಅಷ್ಟು ಬೇಗ ಬುಡ ಮುಟ್ಟುತ್ತಿರಲಿಲ್ಲ. ಹಾಗೆಯೇ, ಎಕ್ಸ್‌ಜೆಡ್ ನೋಡಿಕೊಳ್ಳುತ್ತಿದ್ದ ಆ ದಣಿದ ಮೇಂಟೇನರ್ ಪಕ್ಕದಲ್ಲಿ ಇನ್ನಿಬ್ಬರು ಸಂಬಳದವರು ಇದ್ದಿದ್ದರೆ ಜಿಯಾ ಟಾನ್‌ಗೆ ಜಾಗವೇ ಸಿಗುತ್ತಿರಲಿಲ್ಲವೇನೋ.

ಪ್ರಶ್ನೆ: ಕೋಡ್ ಬರೆಯಲು ಬಾರದವರು ಏನಾದರೂ ನೆರವಾಗಬಹುದೇ?

ಉತ್ತರ: ಮೆನು, ಸಂದೇಶಗಳನ್ನು ನಿಮ್ಮ ಭಾಷೆಗೆ ಅನುವಾದಿಸಬಹುದು. ಆಗುವವರು ಸಣ್ಣ ಯೋಜನೆಗಳಿಗೆ ದುಡ್ಡು ಕಳಿಸಬಹುದು, ದೊಡ್ಡವಕ್ಕೆ ಕಂಪನಿಗಳಿವೆ. ಎಲ್ಲಕ್ಕಿಂತ ಸುಲಭದ್ದು ಬಗ್ ರಿಪೋರ್ಟ್, ಅಂದರೆ ಕಂಡ ದೋಷವನ್ನು ಬರೆದು ತಿಳಿಸುವುದು. ಬರೀ 'ಕೆಲಸ ಮಾಡ್ತಿಲ್ಲ' ಎಂದು ಬರೆಯಬೇಡಿ. ಯಾವ ಆವೃತ್ತಿ, ಏನು ಒತ್ತಿದಿರಿ, ಏನಾಗಬೇಕಿತ್ತು, ಏನಾಯಿತು, ಮತ್ತೆ ಮಾಡಿದರೂ ಹಾಗೇ ಆಗುತ್ತದಾ? ಈ ಐದು ಸಾಲು ಇದ್ದರೆ ಮೇಂಟೇನರ್‌ನ ಒಂದು ಸಂಜೆ ಉಳಿಯುತ್ತದೆ.